ಬೊತ್ತಾಮಿನ ಮನೆ

ಕೊಳಾಲ
12 ಸೆಪ್ಟೆಂಬರ್ 2024

ಓಬಳಮ್ಮನವರಿಗೆ ನಮಸ್ಕಾರ.

ಲಕೋಟೆಯ ಹಿಂದೆ ನನ್ನ ಹೆಸರು ನೋಡಿದ ಮೇಲೂ ಇದನ್ನು ಒಡೆದಿದ್ದೀರಿ ಎಂದರೆ ಅದು ನಿಮ್ಮ ದೊಡ್ಡತನ. ನಾನು ಮಹಾಲಿಂಗಯ್ಯ. ಮೂವತ್ತೊಂದು ವರ್ಷದ ಹಿಂದೆ ನೀವು ಪಾವಗಡದ ಕಡೆಯಿಂದ ಬಂದು, ಮಧುಗಿರಿ ತಾಲ್ಲೂಕಿನ ನಿಮ್ಮ ಸೋದರಮಾವನ ಮನೆಯಲ್ಲಿದ್ದುಕೊಂಡು ಒಂಬತ್ತನೇ ತರಗತಿ ಓದುತ್ತಿದ್ದಾಗ ನಿಮಗೆ ಕನ್ನಡ ಹೇಳುತ್ತಿದ್ದವನು. ಈಗ ಎಪ್ಪತ್ತಾರು ವರ್ಷ. ಕೊಳಾಲದಲ್ಲಿ ಮಗನ ಸಂಸಾರದ ಜೊತೆ ಇದ್ದೇನೆ. ಕಿವಿ ಎರಡೂ ಕೈಕೊಟ್ಟಿವೆ. ಫೋನಿನಲ್ಲಿ ಯಾರು ಏನೆಂದರೂ ಹೂಂ ಅನ್ನುತ್ತೇನೆ. ಸೊಸೆ ಪ್ರಿಯಾಂಕ ಆ ಹೂಂಗಳಿಂದ ಸಾಕಾಗಿ ಫೋನನ್ನೇ ನನ್ನ ಕೈಗೆ ಕೊಡುವುದಿಲ್ಲ. ಅದಕ್ಕೇ ಕಾಗದ.

ಕಳೆದ ತಿಂಗಳು ಕಳ್ಳಂಬೆಳ್ಳದ ಒಂದು ಗೃಹಪ್ರವೇಶದಲ್ಲಿ ನಿಮ್ಮ ತರಗತಿಯ ಜಯಕುಮಾರ್ ಸಿಕ್ಕಿದ್ದ. ನೀವು ಶಿರಾದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೀರೆಂದು ಹೇಳಿ ವಿಳಾಸ ಬರೆದುಕೊಟ್ಟ. ನನಗೆ ಅದು ಬೇಕಾಗಿತ್ತು. ಕೆಲಸವಿಲ್ಲದ ಮುದುಕ ಒಂದು ಕೆಲಸ ಹಚ್ಚಿಕೊಂಡಿದ್ದೇನೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಕಸುಬಿನವರ ಬಾಯಲ್ಲಿ ಓಡಾಡುವ ಮಾತುಗಳನ್ನು ಬರೆದುಕೊಂಡು, ಒಂದೊಂದೂ ಯಾವ ದೇಶದಿಂದ ಬಂತೆಂದು ನಿಘಂಟುಗಳಲ್ಲಿ ಹುಡುಕುವುದು. ಗಾರೆಯವರು, ಕಮ್ಮಾರರು, ಕಂಬಳಿ ನೇಯುವವರು ಮುಗಿದರು. ಹೊಲಿಗೆಯವರ ಹತ್ತಿರ ಬಂದು ನಿಂತಿದ್ದೇನೆ. ನಿಮ್ಮ ಕಸುಬಿನ ಮಾತುಗಳನ್ನು ಒಂದಷ್ಟು ಬರೆದು ಕಳಿಸಿದರೆ ಉಪಕಾರವಾಗುತ್ತದೆ.

ಬರೆಯಬೇಕಾದ್ದು ಇನ್ನೂ ಒಂದಿದೆ. ಈ ಹಾಳೆಯಲ್ಲಿ ಅದಕ್ಕೆ ಕೈ ಬರುತ್ತಿಲ್ಲ.

ಇಂತು,
ಮಹಾಲಿಂಗಯ್ಯ


ಶಿರಾ
3 ಅಕ್ಟೋಬರ್ 2024

ಮಹಾಲಿಂಗಯ್ಯ ಮೇಷ್ಟ್ರಿಗೆ,

ಇದನ್ನು ಬರೆಯುತ್ತಿರುವುದು ನನ್ನ ಮಗಳು ರಕ್ಷಾ. ನಾನು ಮಿಷನ್ ತುಳಿಯುತ್ತಾ ಹೇಳುತ್ತಿದ್ದೇನೆ. ನಿಮ್ಮ ನೆನಪಿದೆ. ಮರೆಯುವ ಹಾಗೆ ನೀವು ಮಾಡಿರಲಿಲ್ಲವಲ್ಲ.

ಮೊದಲನೆಯದು, ನನ್ನನ್ನು ‘ನೀವು’ ಅನ್ನಬೇಡಿ. ಅವತ್ತು ‘ಲೇ’ ಅಂದವರು ಇವತ್ತು ‘ನೀವು’ ಅಂದರೆ ಮೈ ಉರಿಯುತ್ತದೆ.

ಮಾತು ಕೇಳಿದ್ದೀರಿ, ಬರೆದುಕೊಳ್ಳಿ. ಬಟ್ಟೆಗೆ ಒಳಗಡೆಯಿಂದ ಕೊಡುವ ಬಟ್ಟೆ ಅಸ್ತರು. ಒಂದು ಹೆಜ್ಜೆ ಹಿಂದೆ ಹೋಗಿ ಮುಂದೆ ಬರುವ ಗಟ್ಟಿ ಹೊಲಿಗೆ ಬಖಿಯ. ಅಂಚು ಮಡಿಸಿ ಕೈಯಲ್ಲಿ ಹಾಕುವುದು ತುರುಪು. ಗುಂಡಿ ತೂರಿಸುವ ಸೀಳು ಕಾಜ. ಇವನ್ನೆಲ್ಲ ಮಾಡುವವರು ದರ್ಜಿ. ಐದಾಯಿತು. ಆರನೆಯದು ನಿಮಗೆ ಗೊತ್ತೇ ಇದೆ.

ಅಷ್ಟೇ.
ಓಬಳಮ್ಮ

ಸರ್, ಇಲ್ಲಿಂದ ಕೆಳಗೆ ಅಮ್ಮ ಹೇಳಿದ್ದಲ್ಲ, ನಾನು ರಕ್ಷಾ ಬರೆಯುತ್ತಿದ್ದೇನೆ. ಅಮ್ಮ ಇಲ್ಲಿ ಹೊಲಿಗೆ ತರಬೇತಿ ಕೇಂದ್ರದಲ್ಲಿ ಹೆಂಗಸರಿಗೆ ಕಲಿಸುತ್ತಾರೆ. ಹತ್ತನೇ ಕ್ಲಾಸ್ ಪಾಸಾದರೆ ಮಾತ್ರ ಟೀಚರ್ ಆಗಿ ಉಳಿಸಿಕೊಳ್ಳುತ್ತಾರಂತೆ, ಮುಂದಿನ ಜೂನ್‌ವರೆಗೆ ಟೈಮ್ ಕೊಟ್ಟಿದ್ದಾರೆ. ಈ ವರ್ಷ ಮಾರ್ಚ್‌ನಲ್ಲಿ ಖಾಸಗಿಯಾಗಿ ಕಟ್ಟಿದ್ದರು. ಮೊದಲನೇ ದಿನವೇ ಕನ್ನಡ. ಅರ್ಧ ಗಂಟೆಗೆ ಎದ್ದು ಮನೆಗೆ ಬಂದುಬಿಟ್ಟರು. ಮಿಕ್ಕ ಪೇಪರ್‌ಗೂ ಹೋಗಲಿಲ್ಲ. ಯಾಕೆಂದು ಯಾರಿಗೂ ಹೇಳಿಲ್ಲ. ಅಂಗಡಿಯ ಚೀಟಿಯನ್ನೂ ನನ್ನ ಕೈಯಲ್ಲೇ ಬರೆಸುತ್ತಾರೆ. ನಿಮ್ಮ ಲಕೋಟೆ ಬಂದ ದಿನ ಊಟ ಮಾಡಲಿಲ್ಲ. ಅದಕ್ಕೇ ನಿಮಗೆ ಹೇಳಬೇಕು ಅನ್ನಿಸಿತು. ನಾನು ಹೇಳಿದೆನೆಂದು ದಯವಿಟ್ಟು ಬರೆಯಬೇಡಿ.


ಕೊಳಾಲ
14 ಅಕ್ಟೋಬರ್ 2024

ಓಬಳಮ್ಮ,

‘ನೀವು’ ಬೇಡ ಎಂದೆ. ಆಗಲಿ.

ಐದು ಮಾತಿಗೆ ಉಪಕಾರವಾಯಿತು. ಆರನೆಯದನ್ನು ನಾನೇ ಬರೆಯಬೇಕು, ಬೇರೆಯವರು ಬರೆಯುವುದಲ್ಲ: ಬೊತ್ತಾಮು.

ಆ ವರ್ಷ ದೀಪಾವಳಿ ಕಳೆದ ಮೇಲೆ ‘ಹಬ್ಬದ ಹೊಸ ಬಟ್ಟೆ’ ಎಂಬ ಪ್ರಬಂಧ ಕೊಟ್ಟಿದ್ದೆ. ‘ಹೊಸ ಅಂಗಿಯ ಬೊತ್ತಾಮು ಕಿತ್ತುಹೋಯಿತು, ಅಳುತ್ತಿದ್ದ ತಮ್ಮನನ್ನು ನಮ್ಮವ್ವ ತೊಡೆಯ ಮೇಲೆ ಕೂರಿಸಿಕೊಂಡು ಅಂಗಿ ಬಿಚ್ಚದೇ ಹೊಲಿದಳು’ ಎಂದು ನೀನು ಬರೆದಿದ್ದೆ. ಅಷ್ಟು ಚೆಂದದ ವಾಕ್ಯವನ್ನು ಆ ತರಗತಿಯಲ್ಲಿ ಇನ್ನೊಬ್ಬರು ಬರೆದಿರಲಿಲ್ಲ. ನನಗೆ ವಾಕ್ಯ ಕಾಣಲಿಲ್ಲ, ಪದ ಕಂಡಿತು. ಕೆಂಪು ಇಂಕಿನಲ್ಲಿ ಸುತ್ತಿ, ಎಲ್ಲರ ಮುಂದೆ ಓದಿ, ‘ಲೇ, ಇದು ಆಂಧ್ರದ ಸ್ಕೂಲಲ್ಲ ಕಣಮ್ಮ’ ಎಂದೆ. ಗುಂಡಿ ಎಂದು ನೂರು ಸಲ ಬರೆಸಿದೆ. ಮಾರನೆಯ ದಿನದಿಂದ ಹುಡುಗರು ನಿನ್ನನ್ನು ಬೊತ್ತಾಮು ಎಂದೇ ಕರೆದರು. ಅದನ್ನು ನಿಲ್ಲಿಸಬೇಕಾದವನು ನಾನು. ನಿಲ್ಲಿಸಲಿಲ್ಲ. ಒಂದು ದಿನ ಹಾಜರಿ ಕೂಗುವಾಗ ನಾನೂ ಹಾಗೇ ಕರೆದೆ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅದರ ಮಾರನೆಯ ದಿನದಿಂದ ನೀನು ಬರಲಿಲ್ಲ.

ಈಗ ಆ ಮಾತಿನ ಜಾತಕ ಕೇಳು. ಬೊತ್ತಾಮು ತೆಲುಗಿನವರದೂ ಅಲ್ಲ. ಪೋರ್ಚುಗೀಸರು ಹಡಗಿನಲ್ಲಿ ತಂದ ಮಾತು, ಅವರ ಬಾಯಲ್ಲಿ ‘ಬೊತಾಂವ್’. ಇಂಗ್ಲಿಷಿನವರ ಬಟನ್ನಿಗೂ ಇದಕ್ಕೂ ಬೇರು ಒಂದೇ, ಹಳೆಯ ಫ್ರೆಂಚ್. ಅದೇ ವಾರ ಇನ್ನೊಬ್ಬ ಹುಡುಗ ಅಂಗಿಯ ‘ಬಟನ್’ ಎಂದು ಬರೆದಿದ್ದ. ಅವನಿಗೆ ನಾನು ಸರಿ ಗುರುತು ಹಾಕಿದ್ದೆ. ನಾನು ಕೂತಿದ್ದ ಕುರ್ಚಿ ಅರಬ್ಬಿ. ಕೂಗಿದ ಹಾಜರಿ ಅರಬ್ಬಿ. ಕುಟ್ಟಿದ ಮೇಜನ್ನು ಕೆಲವರು ಪಾರ್ಸಿ ಅನ್ನುತ್ತಾರೆ, ಕೆಲವರು ಪೋರ್ಚುಗೀಸ್. ಅಷ್ಟೂ ನೆಂಟರನ್ನು ಒಳಗೆ ಕೂರಿಸಿಕೊಂಡು ನಿನ್ನ ಒಂದು ಮಾತನ್ನು ಹೊರಗೆ ಕಳಿಸಿದೆ.

ಇಂಕಿನ ಕಥೆಯೂ ಸಿಕ್ಕಿತು. ಇಂಗ್ಲಿಷಿನ ಮೂಲಕ ಬಂದ ಗ್ರೀಕ್ ಮಾತು ಅದು. ಮೂಲದ ಅರ್ಥ ‘ಸುಟ್ಟು ಒತ್ತಿದ್ದು’. ರೋಮಿನ ಚಕ್ರವರ್ತಿಗಳು ರುಜು ಹಾಕುತ್ತಿದ್ದ ಕೆಂಪುನೇರಳೆ ಶಾಯಿಗೆ ಆ ಹೆಸರಿತ್ತಂತೆ. ಓದಿ ನಿಘಂಟು ಮುಚ್ಚಿಟ್ಟೆ. ಒಂದು ಬಾಟಲಿ ಕೆಂಪು ಇಂಕು ಕೈಗೆ ಸಿಕ್ಕಿದ್ದಕ್ಕೇ ನಾನೂ ಚಕ್ರವರ್ತಿಯಾಗಿದ್ದೆ.

ತಪ್ಪು ನನ್ನದು ಓಬಳಮ್ಮ. ಇಷ್ಟು ತಡವಾಗಿ ಕ್ಷಮೆ ಕೇಳುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ಮಹಾಲಿಂಗಯ್ಯ


ಶಿರಾ
21 ನವೆಂಬರ್ 2024

ಮೇಷ್ಟ್ರೇ,

ಇದು ನನ್ನ ಕೈಬರಹ. ಒಂದು ಅಕ್ಷರ ಅಟ್ಟದ ಮೇಲಿದೆ, ಒಂದು ಹೊಸ್ತಿಲ ಕೆಳಗಿದೆ. ಹಳೇ ಕ್ಯಾಲೆಂಡರಿನ ಹಿಂದೆ ಮೂರು ಸಲ ಬರೆದು ಹರಿದೆ, ಇದು ನಾಲ್ಕನೆಯದು.

ಕ್ಷಮಿಸಿದ್ದೀನಿ ಅಂತ ಬರೆಯೋಣ ಅಂದುಕೊಂಡು ಕೂತೆ. ಬರಲಿಲ್ಲ. ಸುಳ್ಳು ಯಾಕೆ ಹೇಳಲಿ. ನೀವು ನಕ್ಕಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ, ನಿಮ್ಮ ಎಡಗಡೆಯ ಒಂದು ಹಲ್ಲು ಮುರಿದಿತ್ತು. ಸ್ಕೂಲು ಬಿಟ್ಟು ಊರಿಗೆ ಹೋದಾಗ ನಮ್ಮವ್ವ ಕಾಲಿಗೆ ಬೀಳುವುದೊಂದು ಬಾಕಿ, ಹೋಗವ್ವ ಹೋಗವ್ವ ಅಂತ ಬೇಡಿಕೊಂಡಳು. ನಾನು ಹೇಳಿದ್ದು ಒಂದೇ ಮಾತು: ‘ನನ್ ಬಾಯಿಂದ ಏನ್ ಬಂದ್ರೂ ನಗ್ತಾರೆ ಕಣವ್ವ, ಇನ್ ಮೇಲೆ ಬಾಯೇ ಬುಡಲ್ಲ.’ ಬಾಯಿ ಆಮೇಲೆ ಬಿಟ್ಟೆ ಅನ್ನಿ, ಈಗ ಬೀದಿಯವರೆಲ್ಲ ಹೆದರುತ್ತಾರೆ. ಬರೆಯಲು ಕೈ ಮಾತ್ರ ಬಿಡಲಿಲ್ಲ.

ನಿಮಗೆ ಇದನ್ನೂ ಹೇಳಿಬಿಡುತ್ತೇನೆ, ನಮ್ಮ ಮನೆಯವರಿಗೂ ಹೇಳಿಲ್ಲ. ಮಾರ್ಚ್‌ನಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂತಿದ್ದೆ. ಕನ್ನಡ ಪೇಪರು. ಒಂದು ಪುಟ ಬರೆದಿದ್ದೆ, ಚೆನ್ನಾಗಿಯೇ ಬರೆದಿದ್ದೆ. ರೂಮಿನ ಮೇಷ್ಟ್ರು ನನ್ನ ಹತ್ತಿರ ಬಂದು ರುಜು ಹಾಕಲು ಜೇಬಿನಿಂದ ಪೆನ್ನು ತೆಗೆದರು. ಕೆಂಪು ಪೆನ್ನು. ಪಾಪ, ಅವರದೇನೂ ತಪ್ಪಿಲ್ಲ, ನಗುನಗುತ್ತಾ ‘ಬರೀರಿ ಅಮ್ಮ’ ಅಂದರು. ನನ್ನ ಕೈ ನಿಂತುಹೋಯಿತು. ಬರೆದಿದ್ದ ಪುಟದಲ್ಲಿ ಯಾವ ಮಾತು ಸರಿ ಯಾವುದು ತಪ್ಪು ಒಂದೂ ತಿಳಿಯಲಿಲ್ಲ. ಎದ್ದು ಬಂದೆ. ನಲವತ್ತಾರು ವರ್ಷದ ಹೆಂಗಸು, ಇಪ್ಪತ್ತು ಜನಕ್ಕೆ ಕಸುಬು ಕಲಿಸಿದವಳು, ಒಂದು ಪೆನ್ನಿಗೆ ಹೆದರಿ ಓಡಿಬಂದೆ. ಜೂನ್ ಒಳಗೆ ಪಾಸಾಗದಿದ್ದರೆ ತರಬೇತಿ ಕೇಂದ್ರದಲ್ಲಿ ನಾನು ಕಲಿಸುವ ಹೆಂಗಸರಿಗೆ ಬೇರೆ ಯಾರನ್ನಾದರೂ ತರುತ್ತಾರೆ. ಇನ್ನೊಂದು ಸಲ ಕಟ್ಟಿದ್ದೇನೆ. ಕೂರುತ್ತೇನೋ ಇಲ್ಲವೋ ದೇವರಿಗೇ ಗೊತ್ತು.

ನನಗೆ ಕಸುಬು ಕಲಿಸಿದವರು ಪ್ಯಾರೇಜಾನ್ ಸಾಬರು. ಅವರ ಅಂಗಡಿಯಲ್ಲಿ ಉರ್ದು, ತೆಲುಗು, ಕನ್ನಡ ಎಲ್ಲಾ ಒಂದೇ ಡಬ್ಬಿಯಲ್ಲಿರುತ್ತಿದ್ದವು, ಯಾವುದು ಕೈಗೆ ಸಿಕ್ಕಿದರೆ ಅದು. ಕಾಜ ಹಾಕುವುದನ್ನು ಅವರು ನನಗೆ ಎಂಟು ತಿಂಗಳು ಕಲಿಸಿದರು. ಅದು ಯಾವ ಊರಿನ ಮಾತು ಅಂತ ಅವರಿಗೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ.

ಓಬಳಮ್ಮ


ಕೊಳಾಲ
2 ಡಿಸೆಂಬರ್ 2024

ಓಬಳಮ್ಮ,

ಕ್ಷಮಿಸಿಲ್ಲ ಎಂದು ಬರೆದೆಯಲ್ಲ, ಅದಕ್ಕೆ ನಾನು ಋಣಿ. ಸುಮ್ಮನೆ ಕ್ಷಮಿಸಿದ್ದರೆ ನಾನು ನಂಬುತ್ತಿರಲಿಲ್ಲ.

ಕಾಜ ಕೇಳಿದೆ. ಮೂರು ದಿನ ಹುಡುಕಿದೆ. ಅದೂ ಪೋರ್ಚುಗೀಸರದೇ. ಅವರ ಭಾಷೆಯಲ್ಲಿ ಕಾಜ ಎಂದರೆ ಮನೆ. ಅವರ ದರ್ಜಿಗಳು ಬೊತ್ತಾಮು ಹೋಗಿ ಕೂರುವ ಸೀಳಿಗೂ ಮನೆ ಎಂದೇ ಕರೆದರು. ನೀನು ದಿನಕ್ಕೆ ಎಷ್ಟು ಮನೆ ಕಟ್ಟುತ್ತೀಯೋ ಲೆಕ್ಕವಿಲ್ಲ. ದರ್ಜಿ ಪಾರ್ಸಿ, ‘ದರ್ಜ್’ ಎಂದರೆ ಎರಡು ಬಟ್ಟೆ ಸೇರುವ ಗೆರೆ, ಅದನ್ನು ಕೂಡಿಸುವವನು ದರ್ಜಿ. ಇನ್ನೊಂದನ್ನು ನೀನು ಕೇಳದಿದ್ದರೂ ಹೇಳುತ್ತೇನೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು ಇರುತ್ತಾರಲ್ಲ, ಆ ಪಾರ್ಸಿ ಮಾತನ್ನು ಬಿಡಿಸಿದರೆ ದಾರದ ತುದಿ ಹಿಡಿದವರು ಎಂದಾಗುತ್ತದೆ. ಇನ್ನು ಮೇಲೆ ಯಾವ ಕಚೇರಿಗೆ ಹೋದರೂ ಹೆದರಬೇಡ, ಅವರೂ ನಿನ್ನ ಕಸುಬಿನ ಮಾತಿನಲ್ಲೇ ಬದುಕುತ್ತಿದ್ದಾರೆ.

ಈಗ ನನ್ನ ಒಂದು ಬೇಡಿಕೆ. ಹದಿನೈದು ದಿನಕ್ಕೊಂದು ಪ್ರಬಂಧ ಬರೆದು ಕಳಿಸು. ನಾನು ತಿದ್ದುವುದಿಲ್ಲ. ನಿನ್ನ ಹಾಳೆಯ ಮೇಲೆ ನನ್ನ ಪೆನ್ನು ತಾಗುವುದಿಲ್ಲ. ಕಾಗುಣಿತ ಹೇಳಬೇಕಾದಲ್ಲಿ ಬೇರೆ ಹಾಳೆಯಲ್ಲಿ, ಪೆನ್ಸಿಲಿನಲ್ಲಿ ಹೇಳುತ್ತೇನೆ. ನಾನು ಹೇಳಿದ್ದು ತಪ್ಪೆನಿಸಿದರೆ ಅಳಿಸಿಹಾಕು. ನಿನ್ನ ಮಾತು ನನಗೆ ತಿಳಿಯದೇ ಹೋದರೆ ನಾನೇ ಕೇಳಿ ಕಲಿಯುತ್ತೇನೆ.

ಮಹಾಲಿಂಗಯ್ಯ


ಶಿರಾ
26 ಜನವರಿ 2025

ಮೇಷ್ಟ್ರಿಗೆ ನಮಸ್ಕಾರ.

ಇದು ನಾಲ್ಕನೇ ಪ್ರಬಂಧ. ‘ನನಗೆ ಕಲಿಸಿದವರು’ ಅನ್ನುವುದು ವಿಷಯ, ನಿಮ್ಮನ್ನು ಬಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

‘ನಮ್ಮ ಉಸ್ತಾದ್ ಪ್ಯಾರೇಜಾನ್ ಸಾಬರು ಬೆಳಿಗ್ಗೆ ಅಂಗಡಿ ಬೀಗ ತೆಗೆದ ತಕ್ಷಣ ಮಿಷನ್ನಿಗೆ ಎಣ್ಣೆ ಬಿಟ್ಟು, ಆಮೇಲೆ ಟೀ ತರಿಸುತ್ತಿದ್ದರು. ಮಿಷನ್ ಮೊದಲು ಕುಡೀಬೇಕು ಬೇಟಿ ಅನ್ನುತ್ತಿದ್ದರು. ನಾನು ಕತ್ತರಿಸಿ ಕೆಡಿಸಿದ ಬಟ್ಟೆಯನ್ನು ಗಿರಾಕಿ ಮುಂದೆ ತಮ್ಮ ಕೈತಪ್ಪು ಅಂತ ಹೇಳುತ್ತಿದ್ದರು. ಗಿರಾಕಿ ಬೈದು ಹೋದ ಮೇಲೆ ನನ್ನ ಕಡೆ ತಿರುಗಿ ಎಲ್ಲಿ ತಪ್ಪಿತು ಅಂತ ಮೆತ್ತಗೆ ತೋರಿಸುತ್ತಿದ್ದರು. ಅಂಗಿಯ ಕಡೇ ಕಾಜ ಮುಗಿಸಿ ದಾರ ಕಚ್ಚಿ ಕತ್ತರಿಸಿ ಶುಕ್ರ್ ಅನ್ನುತ್ತಿದ್ದರು. ಯಾರಿಗೆ ಅಂದರೆ ಬಟ್ಟೆಗೆ, ದಾರಕ್ಕೆ, ಕರೆಂಟು ಹೋಗದೇ ಇದ್ದದ್ದಕ್ಕೆ ಅನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಂಗಡಿ ನನಗೆ ಬಂತು. ಶುಕ್ರ್ ಅನ್ನುವುದೂ ಬಂತು.’

ಇಷ್ಟು ಬರೆದು ಎದ್ದಾಗ ಕುತ್ತಿಗೆ ಹಿಡಿದುಕೊಂಡಿತ್ತು, ಮನಸ್ಸು ಹಗುರಾಗಿತ್ತು. ರಕ್ಷಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನು ಅಂದರೆ ಏನಿಲ್ಲ ಅಂದು ಒಳಗೆ ಹೋಗಿ ಅತ್ತಳು, ಹುಚ್ಚುಹುಡುಗಿ.

ನಿಮ್ಮ
ಓಬಳಮ್ಮ


ಕೊಳಾಲ
8 ಫೆಬ್ರವರಿ 2025

ಓಬಳಮ್ಮ,

ಪ್ರಬಂಧವನ್ನು ಎರಡು ಸಲ ಓದಿದೆ, ಮೂರನೆಯ ಸಲ ಸಿದ್ದಗಂಗಮ್ಮನಿಗೆ ಓದಿ ಹೇಳಿದೆ. ಅವಳು ನನ್ನ ಹೆಂಡತಿಯಾಗಿ ಐವತ್ತು ವರ್ಷದಲ್ಲಿ ಮೊದಲ ಸಲ ನನ್ನ ಕಸುಬಿನ ಬಗ್ಗೆ ಒಂದು ಪ್ರಶ್ನೆ ಕೇಳಿದಳು. ‘ನೀವ್ಯಾಕೆ ಹಂಗೆ ಕಲಿಸ್ಲಿಲ್ಲ?’ ಎಂದಳು. ಅಷ್ಟು ಜೋರಾಗಿ ಕೇಳಿದಳು, ನನ್ನ ಕಿವಿಗೂ ಬಿತ್ತು.

ನನ್ನನ್ನು ಬಿಟ್ಟದ್ದು ಸರಿಯಾಗಿದೆ. ಶುಕ್ರ್ ಅರಬ್ಬಿ, ಪಡೆದದ್ದನ್ನು ನೆನೆದು ಹೇಳುವ ಮಾತು. ಶುಕ್ರಿಯಾ ಅದರಿಂದಲೇ ಬಂದಿದೆ. ನನ್ನ ಪುಸ್ತಕದಲ್ಲಿ ಅದನ್ನು ಹೊಲಿಗೆಯವರ ಮಾತುಗಳಲ್ಲೇ ಸೇರಿಸುತ್ತೇನೆ, ಯಾವ ಪಂಡಿತರು ಏನೇ ಅನ್ನಲಿ. ಕಾಗುಣಿತ ಮೂರು ಕಡೆ, ಬೇರೆ ಹಾಳೆಯಲ್ಲಿದೆ.

ಪರೀಕ್ಷೆ ಮಾರ್ಚ್ ಇಪ್ಪತ್ತೊಂದಕ್ಕೆ ಎಂದು ಪೇಪರಿನಲ್ಲಿ ನೋಡಿದೆ. ಅವತ್ತು ನಾನು ಶಿರಾಕ್ಕೆ ಬರಲೇ? ಗೇಟಿನ ಹೊರಗೆ ಇರುತ್ತೇನೆ, ಅಷ್ಟೇ.

ಮಹಾಲಿಂಗಯ್ಯ


ಶಿರಾ
12 ಮಾರ್ಚ್ 2025

ಮೇಷ್ಟ್ರೇ,

ಬರಬೇಡಿ.

ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಕಾಗದದಲ್ಲಿ ಬರುವ ಮೇಷ್ಟ್ರ ಹತ್ತಿರ ನನಗೆ ಭಯವಿಲ್ಲ. ನೀವು ಎದುರಿಗೆ ಬಂದಾಗ ಒಂಬತ್ತನೇ ಕ್ಲಾಸಿನ ಮೇಷ್ಟ್ರು ಬಂದು ನಿಂತುಬಿಟ್ಟರೆ ಏನು ಮಾಡಲಿ? ಬಿಸಿಲೂ ಜಾಸ್ತಿಯಾಗಿದೆ. ನಿಮ್ಮ ವಯಸ್ಸಿಗೆ ನಾಲ್ಕು ಬಸ್ಸು ಬದಲಾಯಿಸುವುದು ಬೇಡ. ಮನೆಯಲ್ಲೇ ಇದ್ದು ನನ್ನನ್ನು ನೆನೆಸಿಕೊಳ್ಳಿ ಸಾಕು.

ಓಬಳಮ್ಮ


ಶಿರಾ
4 ಮೇ 2025

ಪೂಜ್ಯ ಮೇಷ್ಟ್ರಿಗೆ ಓಬಳಮ್ಮ ಮಾಡುವ ನಮಸ್ಕಾರಗಳು.

ಫಲಿತಾಂಶ ಬಂತು. ಎಲ್ಲದರಲ್ಲೂ ಪಾಸು. ಗಣಿತ ಹೆಂಗೋ ದಾಟಿದ್ದೇನೆ, ಅದರ ಮಾತು ಬೇಡ. ಕನ್ನಡದಲ್ಲಿ 71. ತರಬೇತಿ ಕೇಂದ್ರದವರು ಜೂನ್ ಎರಡರಿಂದ ಟೀಚರ್ ಅಂತ ಆರ್ಡರ್ ಕೊಟ್ಟಿದ್ದಾರೆ. ನಮ್ಮ ಹೆಂಗಸರು ಬೀದಿಗೆಲ್ಲ ಸಕ್ಕರೆ ಹಂಚಿದರು.

ಈಗ ಮಾರ್ಚ್ ಇಪ್ಪತ್ತೊಂದರ ವಿಷಯ. ಆರು ವಾರ ಹೇಳದೇ ಇಟ್ಟುಕೊಂಡಿದ್ದೆ, ಪಾಸಾದರೆ ಹೇಳೋಣ ಅಂತ. ಅವತ್ತು ರೂಮಿನಲ್ಲಿ ಮೇಡಂ ರುಜು ಹಾಕಲು ಬಂದರು. ಯಾವ ಬಣ್ಣದ ಪೆನ್ನು ಅಂತ ನಾನು ನೋಡಲಿಲ್ಲ, ಬರೆಯುತ್ತಲೇ ಇದ್ದೆ. ನನ್ನ ಮಾತಿನಲ್ಲೇ ಬರೆದೆ. ಕಡೇ ಗಂಟೆ ಹೊಡೆದಾಗ ಇನ್ನೂ ಅರ್ಧ ಪುಟ ಬಾಕಿಯಿತ್ತಲ್ಲ ಅಂತ ಸಂಕಟವಾಯಿತು. ಬರೆಯಲು ಆಗುವುದಿಲ್ಲ ಅಂತ ಅತ್ತವಳು, ಇನ್ನೂ ಬರೆಯಲು ಬಿಡುತ್ತಿಲ್ಲವಲ್ಲ ಅಂತ ಅಳುವ ಹಾಗಾಯಿತು.

ಹೊರಗೆ ಬಂದೆ. ಗೇಟಿನ ಪಕ್ಕ ಹೊಂಗೆಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಒಬ್ಬರು ಕೂತಲ್ಲೇ ನಿದ್ದೆ ಹೋಗಿದ್ದರು. ಬಿಳಿ ಪಂಚೆ, ಕೊಡೆ, ಕೈಚೀಲ. ತಲೆಯಲ್ಲಿ ಒಂದು ಕೂದಲಿಲ್ಲ. ನನಗೆ ಗುರುತು ಸಿಗಲಿಲ್ಲ. ಟೀ ಅಂಗಡಿಯ ಕರಿಬಸಮ್ಮ ಹೇಳಿದಳು: ‘ಒಂಬತ್ ಗಂಟೆಯಿಂದ ಅಂಗೇ ಕುಂತವ್ರೆ ಕಣಮ್ಮ. ಒಳಗೆ ನಿಮ್ಮೋರು ಯಾರು ಅಂದ್ರೆ ಕೇಳಿಸಲ್ಲ, ಹೂಂ ಅಂತಾರೆ.’

ಹೂಂ ಅಂತಾರೆ ಅಂದ ಮೇಲೆ ನೀವೇ ಅಂತ ಗೊತ್ತಾಯಿತು, ಎದುರಿಗೆ ಬಂದು ನಿಂತೆ. ನಿಮ್ಮನ್ನು ನೋಡಿದರೆ ಭಯವಾಗುತ್ತದೆ ಅಂದಿದ್ದೆನಲ್ಲ, ಆಗಲಿಲ್ಲ. ಎಷ್ಟು ಸಣ್ಣಗಾಗಿದ್ದೀರಿ ಮೇಷ್ಟ್ರೇ. ಪಂಚೆಯೆಲ್ಲ ಬಸ್ಸಿನ ಧೂಳು. ಎಬ್ಬಿಸಿದರೆ ಬೀದಿಯಲ್ಲೇ ಜೋರಾಗಿ ಅತ್ತುಬಿಡುತ್ತೇನೆ ಅನ್ನಿಸಿ ಎಬ್ಬಿಸಲಿಲ್ಲ. ನನ್ನ ನೀರಿನ ಬಾಟಲಿಯನ್ನು ನಿಮ್ಮ ಕೊಡೆಯ ಹತ್ತಿರ ಇಟ್ಟು ಬಂದೆ. ಕರಿಬಸಮ್ಮನಿಗೆ, ಬಸ್ಸು ಹತ್ತಿಸು ಅಂತ ಹೇಳಿದ್ದೆ.

ನಿಮ್ಮ ಮೇಲೆ ಸಿಟ್ಟು ಇಟ್ಟುಕೊಂಡೇ ನಾನು ಇಷ್ಟು ಗಟ್ಟಿಯಾದೆ ಅಂದುಕೊಂಡಿದ್ದೆ. ಅದೂ ಸುಳ್ಳಲ್ಲ. ಈ ಆರು ತಿಂಗಳಲ್ಲಿ ನೀವು ಕೊಟ್ಟಿದ್ದೂ ಸುಳ್ಳಲ್ಲ. ನವೆಂಬರಿನಲ್ಲಿ ಬರೆಯಲು ಬಾರದೇ ಇದ್ದದ್ದು ಈಗ ಬರುತ್ತಿದೆ. ಕ್ಷಮಿಸಿದ್ದೀನಿ ಮೇಷ್ಟ್ರೇ. ನಿಮ್ಮಿಂದ ನನಗೆ ಬಹಳ ಉಪಕಾರವಾಯಿತು.

ನಿಮ್ಮ ವಿದ್ಯಾರ್ಥಿನಿ,
ಓಬಳಮ್ಮ


ಕೊಳಾಲ
10 ಮೇ 2025

ಓಬಳಮ್ಮ,

ಎಪ್ಪತ್ತೊಂದು ಎಂದು ಓದಿ, ಪ್ರಿಯಾಂಕಳನ್ನು ಕರೆದು ಅವಳ ಕೈಯಲ್ಲಿ ಇನ್ನೊಂದು ಸಲ ನೋಡಿಸಿದೆ. ನನ್ನ ಕಣ್ಣನ್ನು ನಂಬುವ ಹಾಗಿರಲಿಲ್ಲ. ಹದಿನೇಳೇ ಇರಬಹುದೇ ಎಂದು ಭಯ. ಎಪ್ಪತ್ತೊಂದೇ ಎಂದಳು. ಮನೆಯಲ್ಲಿ ಪಾಯಸ ಮಾಡಿದರು.

ನೀನು ನಿಜ ಬರೆದಿದ್ದೀಯ, ನಾನೂ ಬರೆಯಬೇಕು. ಬರಬೇಡಿ ಎಂದಿದ್ದರೂ ಬಂದೆ. ಮನೆಯಲ್ಲಿ ಕೂತಿರಲು ಆಗಲಿಲ್ಲ. ನೀನು ನಡುವೆ ಎದ್ದು ಬಂದರೆ ಗೇಟಿನಲ್ಲಿ ನಿನ್ನ ಕಡೆಯವರು ಎಂದು ಒಬ್ಬರಾದರೂ ಇರಲಿ ಎಂದುಕೊಂಡೆ. ಹತ್ತೂವರೆಗೆ ಆ ಬಾಗಿಲನ್ನೇ ನೋಡುತ್ತಿದ್ದೆ. ಹನ್ನೊಂದಾಯಿತು. ಹನ್ನೆರಡಾಯಿತು. ನೀನು ಬರಲಿಲ್ಲ. ನನ್ನ ಇಡೀ ನೌಕರಿಯಲ್ಲಿ ಒಬ್ಬ ವಿದ್ಯಾರ್ಥಿ ಹೊರಗೆ ಬರದೇ ಇದ್ದದ್ದಕ್ಕೆ ಅಷ್ಟು ಸಂತೋಷಪಟ್ಟದ್ದಿಲ್ಲ.

ಆಮೇಲೆ ಎಲ್ಲರೂ ಬಂದರು. ನಿನ್ನನ್ನು ದೂರದಿಂದಲೇ ಗುರುತು ಹಿಡಿದೆ, ನಡಿಗೆ ಬದಲಾಗಿಲ್ಲ. ಎದ್ದು ನಿಲ್ಲಬೇಕಾಗಿತ್ತು. ಕಣ್ಣು ಮುಚ್ಚಿಕೊಂಡೆ. ನೀನು ಬಂದು ನಿಂತದ್ದು, ಬಿಸಿಲಿಗೆ ಅಡ್ಡವಾದದ್ದು, ಬಹಳ ಹೊತ್ತು ಹೋಗದೇ ಇದ್ದದ್ದು, ಬಾಟಲಿ ಇಟ್ಟದ್ದು, ಎಲ್ಲ ಗೊತ್ತಾಯಿತು. ನಿನ್ನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ನೀನು ರಸ್ತೆ ದಾಟಿದ ಮೇಲೆ ಕಣ್ಣು ಬಿಟ್ಟು, ಆ ನೀರು ಕುಡಿದೆ.

ನಾನು ನಿದ್ದೆ ಹೋಗಿರಲಿಲ್ಲ ಓಬಳಮ್ಮ.

ಜೂನ್ ಎರಡರಂದು ನೀನು ಪಾಠ ಹೇಳುವಾಗ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕನಿಗೆ ಜಾಗವಿದ್ದರೆ ಬರೆದು ತಿಳಿಸು. ಕೇಳಿಸುವುದಿಲ್ಲ, ನಿನ್ನ ಮುಖ ನೋಡುತ್ತಾ ಕೂತಿರುತ್ತೇನೆ.

ನಿನ್ನ
ಮಹಾಲಿಂಗಯ್ಯ